ಗೇರ್‌ಗೆ ಮಿತಿ ಸರಿ, ರಸ್ತೆಗೆ ಯಾರು ಹೊಣೆ? ಸೈಕಲ್ ರೇಸ್‌ಗಳ ಸುರಕ್ಷತೆಯ ಜಗಳ

2025ರ ಅಕ್ಟೋಬರ್ 9ರಂದು ಬೆಲ್ಜಿಯಂನಿಂದ ಬಂದ ಸುದ್ದಿಯೊಂದು ವೃತ್ತಿಪರ ಸೈಕಲ್ ರೇಸ್‌ಗಳನ್ನು ಹಿಂಬಾಲಿಸುವವರನ್ನು ಗೊಂದಲಕ್ಕೆ ಕೆಡವಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ, ಚೀನಾದಲ್ಲಿ ನಡೆಯಲಿದ್ದ ಟೂರ್ ಆಫ್ ಗುವಾಂಗ್ಶಿ ರೇಸ್‌ನಲ್ಲಿ ಸವಾರರು ಬಳಸುವ ಗೇರ್‌ಗೆ ಗರಿಷ್ಠ ಮಿತಿ ಹಾಕಿ ಪರೀಕ್ಷಿಸಲು ಹೊರಟಿತ್ತು. ಉದ್ದೇಶ ಸವಾರರ ಸುರಕ್ಷತೆ ಎಂದು ಹೇಳಿತ್ತು. ರೇಸ್‌ಗೆ ಕೆಲವೇ ದಿನ ಉಳಿದಿರುವಾಗ ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರ ಈ ನಿಯಮಕ್ಕೆ ತಡೆ ಹಾಕಿತು. ಹೆಸರು ಕೇಳಿ ಇದು ಕ್ರೀಡಾ ಸಂಸ್ಥೆ ಎಂದುಕೊಳ್ಳಬಾರದು. ಮಾರುಕಟ್ಟೆಯಲ್ಲಿ ಕಂಪನಿಗಳ ನಡುವಿನ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಸರ್ಕಾರಿ ಸಂಸ್ಥೆ ಅದು. ಯುಸಿಐ ಪ್ರಯೋಗವನ್ನು ಕೈಬಿಟ್ಟಿತು.

ಸವಾರರ ಜೀವ ಉಳಿಸುವ ನಿಯಮವನ್ನು ವ್ಯಾಪಾರ ನೋಡಿಕೊಳ್ಳುವ ಪ್ರಾಧಿಕಾರ ತಡೆದದ್ದು ಹೇಗೆ? ಗೇರ್‌ಗೂ ಸಾವಿಗೂ ಏನು ಸಂಬಂಧ? ಈ ಜಗಳದಲ್ಲಿ ಯಾರು ಸರಿ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಗೇರ್‌ನ ಲೆಕ್ಕದಿಂದಲೇ ತೊಡಗುವುದು ಒಳ್ಳೆಯದು. ಆ ಲೆಕ್ಕ ಬೇಗ ಮುಗಿಯುತ್ತದೆ. ನಿಜವಾದ ತೊಡಕು ಇರುವುದು ಅದರಾಚೆ.

10.46 ಮೀಟರ್‌ನ ಲೆಕ್ಕ

ಸೈಕಲ್‌ನ ಮುಂದಿನ ಹಲ್ಲಿನ ಚಕ್ರ ದೊಡ್ಡದಾದಷ್ಟೂ, ಹಿಂದಿನದು ಚಿಕ್ಕದಾದಷ್ಟೂ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಹೆಚ್ಚು ದೂರ ಸಾಗುತ್ತದೆ. ಯುಸಿಐ ನಿಗದಿಪಡಿಸಲು ಹೊರಟ ಮಿತಿ ಒಂದು ಸುತ್ತಿಗೆ 10.46 ಮೀಟರ್. ಮುಂದೆ 54 ಹಲ್ಲು, ಹಿಂದೆ 11 ಹಲ್ಲು ಇದ್ದರೆ ಸಿಗುವ ದೂರ ಇದು. ಒಬ್ಬ ಸವಾರ ನಿಮಿಷಕ್ಕೆ 120 ಸುತ್ತು ಪೆಡಲ್ ತುಳಿದರೆ ಈ ಗೇರ್‌ನಲ್ಲಿ ಗಂಟೆಗೆ ಸುಮಾರು 75 ಕಿಲೋಮೀಟರ್ ವೇಗ ಬರುತ್ತದೆ. ಅದಕ್ಕಿಂತ ವೇಗವಾಗಿ ಹೋಗಬೇಕಾದರೆ ಕಾಲು ಇನ್ನೂ ಬೇಗ ತಿರುಗಬೇಕು, ಅದಕ್ಕೆ ದೇಹವೇ ಮಿತಿ ಹಾಕುತ್ತದೆ.

ಹೊಸ ವಿಚಾರವೇನೂ ಅಲ್ಲ. ಕಿರಿಯರ ವಿಭಾಗದಲ್ಲಿ ಒಂದು ಸುತ್ತಿಗೆ 7.93 ಮೀಟರ್ ಎಂಬ ಮಿತಿ ವರ್ಷಗಳ ಕಾಲ ಇತ್ತು. 2023ರ ಆರಂಭದಿಂದ ಅದನ್ನು ತೆಗೆದುಹಾಕಿದ್ದು ಇದೇ ಯುಸಿಐ. ಹಿರಿಯರಿಗೆ ಮಿತಿ ಬೇಕು ಎಂಬ ಮಾತು ಬಂದದ್ದು ಅದಾದ ಎರಡೇ ವರ್ಷಕ್ಕೆ. ವೌಟ್ ವಾನ್ ಆರ್ಟ್ ಅವರಂಥ ದೊಡ್ಡ ಸವಾರರೇ ಗೇರ್ ಮಿತಿಯಿಂದ ಆಟ ಸುರಕ್ಷಿತವಾದೀತು ಎಂದು ಬಹಿರಂಗವಾಗಿ ಹೇಳಿದ್ದರು. ಹಾಗಾಗಿ ಪ್ರಸ್ತಾವಕ್ಕೆ ಸವಾರರ ಬೆಂಬಲವೇ ಇರಲಿಲ್ಲ ಎನ್ನುವಂತಿಲ್ಲ.

ಕಂಪನಿಗೇಕೆ ಸಿಟ್ಟು?

ಅಡ್ಡಿ ಬಂದದ್ದು ಸ್ರ್ಯಾಮ್ ಎಂಬ ಅಮೆರಿಕದ ಬಿಡಿಭಾಗ ಕಂಪನಿಯಿಂದ. ಅದರ ಪ್ರತಿಸ್ಪರ್ಧಿ, ಜಪಾನಿನ ಶಿಮಾನೊ ತಯಾರಿಸುವ ಉನ್ನತ ದರ್ಜೆಯ ರಸ್ತೆ ಸೈಕಲ್ ಗೇರ್‌ಗಳಲ್ಲಿ ಹಿಂದಿನ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು. ಸ್ರ್ಯಾಮ್‌ನದ್ದಕ್ಕೆ 10 ಹಲ್ಲು. ಒಂದೇ ಹಲ್ಲಿನ ವ್ಯತ್ಯಾಸ, ಆದರೆ ಫಲಿತಾಂಶ ದೊಡ್ಡದು. ಶಿಮಾನೊ ಬಳಸುವ ಸವಾರ ಮುಂದಿನ ಚಕ್ರವನ್ನು 54 ಹಲ್ಲಿಗೆ ಇಳಿಸಿಕೊಂಡರೆ ನಿಯಮದೊಳಗೆ ಬರುತ್ತಾನೆ, ಅವನ ಹಿಂದಿನ ಗೇರ್‌ಗಳೆಲ್ಲ ಹಾಗೆಯೇ ಉಳಿಯುತ್ತವೆ. ಸ್ರ್ಯಾಮ್ ಬಳಸುವ ಸವಾರ ಹಿಂದಿನ ಅತಿ ಚಿಕ್ಕ ಚಕ್ರವನ್ನು ಬಳಸದಂತೆ ಕಟ್ಟಿಹಾಕಬೇಕು, ಇಲ್ಲವೇ ಮುಂದಿನ ಚಕ್ರವನ್ನು ತೀರಾ ಚಿಕ್ಕದು ಮಾಡಿಕೊಳ್ಳಬೇಕು. ಮುಂದೆ 50 ಹಲ್ಲು ಇಟ್ಟುಕೊಂಡರೂ 10 ಹಲ್ಲಿನ ಜೊತೆ ಅದು ಮಿತಿಯನ್ನು ಮೀರುತ್ತದೆ.

ಅಂದರೆ ಯಾರ ಹೆಸರನ್ನೂ ಹೇಳದ ನಿಯಮ ಕಾರ್ಯದಲ್ಲಿ ಒಂದು ಕಂಪನಿಯ ವಿನ್ಯಾಸಕ್ಕೆ ಹೊಂದಿಕೊಂಡು ಇನ್ನೊಂದರ ವಿನ್ಯಾಸವನ್ನು ಹೊರಗಿಡುತ್ತದೆ. ಪ್ರಾಧಿಕಾರ ನೋಡಿದ್ದು ಇದನ್ನೇ. ನಿಯಮವನ್ನು ರೂಪಿಸಿದ ರೀತಿಯಲ್ಲಿ ಪಾರದರ್ಶಕತೆ, ವಸ್ತುನಿಷ್ಠತೆ ಮತ್ತು ಗುರಿಗೆ ತಕ್ಕ ಪ್ರಮಾಣ ಇವೆಯೇ ಎಂಬ ಬಗ್ಗೆ ಅದಕ್ಕೆ ಮೇಲ್ನೋಟಕ್ಕೇ ಸಂದೇಹ ಬಂತು. ಇದು ತಾತ್ಕಾಲಿಕ ಕ್ರಮ. ವೇಗ ಅಪಾಯಕಾರಿಯಲ್ಲ ಎಂದಾಗಲಿ, ಗೇರ್ ಮಿತಿ ತಪ್ಪು ಎಂದಾಗಲಿ ಪ್ರಾಧಿಕಾರ ತೀರ್ಮಾನಿಸಿಲ್ಲ. ನಿಯಮ ತರುವ ದಾರಿ ಸರಿಯಿರಬೇಕು ಎಂದಷ್ಟೇ ಹೇಳಿದೆ. ಸುದ್ದಿಯ ತಲೆಬರಹ ಓದಿ ಹಲವರು ಎಡವಿದ್ದು ಇಲ್ಲಿ.

ವೇಗ ಹೆಚ್ಚಿದ್ದು ಸುಳ್ಳಲ್ಲ

ಯುಸಿಐ ಚಿಂತೆಗೆ ಕಾರಣವಿದೆ. ಕಲ್ಲುಹಾಸಿನ ದಾರಿಗಳ ಪ್ಯಾರಿಸ್–ರುಬೆ ರೇಸ್‌ನಲ್ಲಿ 1964ರಲ್ಲಿ ಪೀಟರ್ ಪೋಸ್ಟ್ ಗಂಟೆಗೆ 45.1 ಕಿಲೋಮೀಟರ್ ಸರಾಸರಿ ವೇಗದಲ್ಲಿ ಗೆದ್ದಿದ್ದರು. ಆ ದಾಖಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. 2017ರಲ್ಲಿ ಕೂದಲೆಳೆಯ ಅಂತರದಲ್ಲಿ ಮುರಿಯಿತು. ಆಮೇಲೆ 2022, 2023, 2024 ಹೀಗೆ ಸತತ ಮೂರು ವರ್ಷ ಹೊಸ ದಾಖಲೆ. 2024ರಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್ ಗೆದ್ದಾಗ ಸರಾಸರಿ ವೇಗ 47.8 ಕಿಲೋಮೀಟರ್. 2025ರ ಟೂರ್ ಡಿ ಫ್ರಾನ್ಸ್ ಅನ್ನು ತಡೆಜ್ ಪೊಗಾಚಾರ್ ಗೆದ್ದದ್ದು ಆ ರೇಸ್‌ನ ಇತಿಹಾಸದಲ್ಲೇ ಅತಿ ಹೆಚ್ಚಿನ ಸರಾಸರಿಯಾದ 42.8 ಕಿಲೋಮೀಟರ್ ವೇಗದಲ್ಲಿ.

ಇಷ್ಟೆಲ್ಲ ವೇಗ ಗೇರ್‌ನಿಂದ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಗಾಳಿಯನ್ನು ಸೀಳುವ ಚೌಕಟ್ಟು, ಮೈಗಂಟಿದ ಉಡುಪು, ಅಗಲವಾದ ಟೈರ್, ಕಡಿಮೆ ಘರ್ಷಣೆಯ ಸರಪಳಿ, ಗಂಟೆಗೆ ನೂರು ಗ್ರಾಂ ದಾಟುವಷ್ಟು ಸಕ್ಕರೆಯಂಶವನ್ನು ಓಡುತ್ತಲೇ ದೇಹಕ್ಕೆ ತುಂಬುವ ಆಹಾರ ಕ್ರಮ, ಎತ್ತರದ ಬೆಟ್ಟಗಳಲ್ಲಿ ವಾರಗಟ್ಟಲೆ ತರಬೇತಿ ಎಲ್ಲವೂ ಸೇರಿವೆ. ದೊಡ್ಡ ಗೇರ್ ಬಂದದ್ದು ಸವಾರರು ವೇಗವಾದ ಮೇಲೆ. ಆದ್ದರಿಂದ ಗೇರ್ ಕಿರಿದಾಗಿಸಿದರೆ ಈ ಎಲ್ಲ ಗಳಿಕೆಯೂ ಹಿಂದಕ್ಕೆ ಹೋಗುವುದಿಲ್ಲ. ಸಮತಟ್ಟು ರಸ್ತೆಯಲ್ಲಿ, ಬೆನ್ನಿಗೆ ಗಾಳಿಯಿರುವಾಗ, ಗೆಲುವಿನ ಗೆರೆಯತ್ತ ನುಗ್ಗುವಾಗ ಮಾತ್ರ ತುತ್ತತುದಿಯ ವೇಗ ಸ್ವಲ್ಪ ತಗ್ಗೀತು.

ಆ ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ ಎಂದು ಮಿತಿಯ ಪರ ಇರುವವರು ವಾದಿಸುತ್ತಾರೆ. ಅವರ ವಾದದಲ್ಲಿ ತೂಕವಿದೆ. ಚಲನೆಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 60ರಿಂದ 75 ಕಿಲೋಮೀಟರ್‌ಗೆ ಹೋದರೆ ವೇಗ ಹೆಚ್ಚುವುದು ಶೇ 25, ದೇಹ ಹೊತ್ತ ಶಕ್ತಿ ಹೆಚ್ಚುವುದು ಶೇ 56. 75 ಕಿಲೋಮೀಟರ್ ವೇಗದಲ್ಲಿ ಸವಾರ ಸೆಕೆಂಡಿಗೆ ಸುಮಾರು 21 ಮೀಟರ್ ಸಾಗುತ್ತಾನೆ. ಮುಂದಿನವನ ಚಕ್ರ ಇರುವುದು ಒಂದು ಗೇಣು ದೂರದಲ್ಲಿ. ಕಣ್ಣು ಕಂಡು, ಮನಸ್ಸು ಅರಿತು, ಬೆರಳು ಬ್ರೇಕ್ ಒತ್ತುವ ಮೊದಲೇ ಎಲ್ಲ ಮುಗಿದಿರುತ್ತದೆ.

ವಿರೋಧಿಗಳ ವಾದವೂ ಕ್ಷುಲ್ಲಕವಲ್ಲ. ಎಲ್ಲರ ಗರಿಷ್ಠ ವೇಗ ಒಂದೇ ಆದರೆ ಬಲಶಾಲಿಗಳು ಮುಂದೆ ಕಳಚಿಕೊಂಡು ಹೋಗಲಾರರು, ಗುಂಪು ಇನ್ನಷ್ಟು ಒತ್ತೊತ್ತಾಗುತ್ತದೆ, ಒತ್ತೊತ್ತಾದ ಗುಂಪಿನಲ್ಲೇ ಚಕ್ರಕ್ಕೆ ಚಕ್ರ ತಾಗುವುದು ಎನ್ನುತ್ತಾರೆ ಅವರು. ಪ್ರಯೋಗ ನಡೆದಿದ್ದರೆ ಈ ಎರಡು ವಾದಗಳಲ್ಲಿ ಯಾವುದು ನಿಲ್ಲುತ್ತದೆ ಎಂದು ತಿಳಿಯಲು ಮೊದಲ ಹೆಜ್ಜೆಯಾದರೂ ಆಗುತ್ತಿತ್ತು. ತಡೆ ಬಿದ್ದದ್ದರಿಂದ ಆದ ನಿಜವಾದ ನಷ್ಟ ಅದು.

ಬಿದ್ದವನ ಎದುರಿಗೆ ಏನಿತ್ತು?

ಈಗ ಸಾವುಗಳನ್ನು ನೋಡೋಣ. ಓದಲು ಕಷ್ಟವಾದರೂ ಈ ಪಟ್ಟಿಯನ್ನು ಬಿಟ್ಟು ಸುರಕ್ಷತೆಯ ಮಾತನಾಡುವುದು ಸರಿಯಲ್ಲ.

1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಪೋರ್ಟೆ ದಾಸ್ಪೆ ಘಾಟಿ ಇಳಿಯುವಾಗ ಫ್ಯಾಬಿಯೊ ಕಾಸಾರ್ಟೆಲ್ಲಿ ಬಿದ್ದರು. ತಲೆ ತಾಗಿದ್ದು ರಸ್ತೆ ಅಂಚಿನ ಕಾಂಕ್ರೀಟ್ ದಿಮ್ಮಿಗೆ. 2011ರ ಜಿರೊ ಡಿ ಇಟಾಲಿಯಾದಲ್ಲಿ ಬೊಕ್ಕೊ ಘಾಟಿಯ ಇಳಿಜಾರಿನಲ್ಲಿ ವೌಟರ್ ವೇಲಾಂಟ್ ತೀರಿಕೊಂಡರು. 2019ರ ಪೋಲೆಂಡ್ ಟೂರ್‌ನಲ್ಲಿ 22 ವರ್ಷದ ಬ್ಯೋರ್ಗ್ ಲ್ಯಾಂಬ್ರೆಕ್ಟ್ ರಸ್ತೆಯಿಂದ ಹೊರಗೆ ಸರಿದು ಕಾಂಕ್ರೀಟ್ ಮೋರಿಗೆ ಅಪ್ಪಳಿಸಿದರು. 2023ರ ಜೂನ್‌ನಲ್ಲಿ ಟೂರ್ ಡಿ ಸ್ವಿಸ್‌ನ ಅಲ್ಬುಲಾ ಘಾಟಿ ಇಳಿಯುವಾಗ 26 ವರ್ಷದ ಜಿನೊ ಮೇಡರ್ ಕೊರಕಲಿಗೆ ಬಿದ್ದು ಮರುದಿನ ಕೊನೆಯುಸಿರೆಳೆದರು. 2024ರ ಜುಲೈನಲ್ಲಿ ಆಸ್ಟ್ರಿಯಾ ಟೂರ್‌ನಲ್ಲಿ ಗ್ರಾಸ್‌ಗ್ಲಾಕ್ನರ್ ಇಳಿಜಾರಿನಲ್ಲಿ 25 ವರ್ಷದ ಆಂಡ್ರೆ ಡ್ರೆಗೆ.

ಈ ಐದರಲ್ಲಿ ನಾಲ್ಕು ಘಾಟಿಯ ಇಳಿಜಾರಿನಲ್ಲಿ ಆದ ಸಾವುಗಳು. ಕಡಿದಾದ ಇಳಿಜಾರಿನಲ್ಲಿ ವೇಗ ಕೊಡುವುದು ಗುರುತ್ವಾಕರ್ಷಣೆ, ಪೆಡಲ್ ಅಲ್ಲ. ಅಲ್ಲಿ ಸವಾರ ತುಳಿಯುವುದನ್ನೇ ನಿಲ್ಲಿಸಿ ಮೈ ಕುಗ್ಗಿಸಿಕೊಂಡು ಜಾರುತ್ತಾನೆ. ಗೇರ್ ಮಿತಿ ಅಲ್ಲಿ ಕೆಲಸ ಮಾಡುವುದೇ ಇಲ್ಲ. ಸೈಕಲ್‌ನ ಮೇಲ್ಕೊಳವೆಯ ಮೇಲೆ ಕುಳಿತು ಇಳಿಯುವ ಭಂಗಿಯನ್ನು ಯುಸಿಐ 2021ರ ಏಪ್ರಿಲ್‌ನಿಂದ ನಿಷೇಧಿಸಿದ್ದು ಇಂಥ ಜಾಗಗಳ ಅಪಾಯವನ್ನು ನೆನೆದೇ. ಆದರೆ ಆ ಭಂಗಿ ಹೋದರೂ ಇಳಿಜಾರು ಹಾಗೆಯೇ ಉಳಿದಿದೆ.

ಹೆಲ್ಮೆಟ್ ಇದೆಯಲ್ಲ ಎಂದು ಕೇಳಬಹುದು. ಐರೋಪ್ಯ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ ಅನ್ನು ಚಪ್ಪಟೆ ಮೇಲ್ಮೈಗೆ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ ಸುಮಾರು 19.5 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಿ ಪರೀಕ್ಷಿಸುತ್ತಾರೆ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವ ವೇಗ ಅದು. ಸೈಕಲ್‌ನಿಂದ ಪಕ್ಕಕ್ಕೆ ಉರುಳಿ, ತಲೆ ನೆಲಕ್ಕೆ ತಾಗಿ, ದೇಹ ರಸ್ತೆಯ ಮೇಲೆ ಜಾರಿಕೊಂಡು ಹೋದರೆ ಹೆಲ್ಮೆಟ್ ತನ್ನ ಕೆಲಸ ಮಾಡುತ್ತದೆ. ಚರ್ಮ ಕಿತ್ತುಹೋಗುತ್ತದೆ, ಮೂಳೆ ಮುರಿಯಬಹುದು, ಜೀವ ಉಳಿಯುತ್ತದೆ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಜಾರುವ ಅದೇ ದೇಹದ ದಾರಿಯಲ್ಲಿ ಗೋಡೆಯೋ ಕಂಬವೋ ಮೋರಿಯೋ ಅಡ್ಡ ಬಂದರೆ ಯಾವ ಹೆಲ್ಮೆಟ್ಟೂ ಆ ಹೊಡೆತಕ್ಕೆ ತಯಾರಾದದ್ದಲ್ಲ.

ವೇಗ ಬಹಳಷ್ಟು ಸಲ ಗಾಯ ಮಾಡುತ್ತದೆ. ಆ ವೇಗದ ಎದುರು ಅಲುಗಾಡದ ವಸ್ತುವೊಂದು ನಿಂತಾಗ ಜೀವ ಹೋಗುತ್ತದೆ. ಹಾಗಾಗಿ ಸವಾರ ಎಷ್ಟು ವೇಗವಾಗಿ ಬಿದ್ದ ಎಂದು ಕೇಳಿದ ಮೇಲೆ, ಬಿದ್ದವನ ಎದುರಿಗೆ ಏನಿತ್ತು, ಅದನ್ನು ಅಲ್ಲಿ ಬಿಟ್ಟವರು ಯಾರು ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಇಂದಿನ ನಿಯಮಾವಳಿಯಲ್ಲಿ ಸಿಗುವ ಜಾಗ ತೀರಾ ಕಡಿಮೆ.

2024ರ ಏಪ್ರಿಲ್ 4ರಂದು ಸ್ಪೇನ್‌ನ ಬಾಸ್ಕ್ ಪ್ರಾಂತ್ಯದ ಇಟ್ಸುಲಿಯಾ ರೇಸ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಇಳಿಜಾರಿನ ಒಂದು ತಿರುವಿನಲ್ಲಿ ಹಲವರು ಒಟ್ಟಿಗೆ ಹೊರಗೆ ಚಿಮ್ಮಿದರು. ಅಂಚಿನಲ್ಲಿ ಮಳೆನೀರಿನ ಕಾಂಕ್ರೀಟ್ ಕಾಲುವೆ, ಅದರಾಚೆ ಕಲ್ಲು, ಮರ. ಜೋನಾಸ್ ವಿಂಗೆಗಾರ್ಡ್ ಅವರ ಕಾಲರ್ ಬೋನ್ ಮತ್ತು ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಪೆಟ್ಟಾಯಿತು. ರೆಮ್ಕೊ ಎವೆನೆಪೂಲ್ ಅವರ ಕಾಲರ್ ಬೋನ್, ಭುಜದ ಮೂಳೆ ಮುರಿದವು. ಜೇ ವೈನ್ ಅವರ ಬೆನ್ನುಮೂಳೆಗೆ ಏಟಾಯಿತು. ಇವರಲ್ಲಿ ಯಾರಿಗೂ ಇಳಿಜಾರಿನಲ್ಲಿ ಸೈಕಲ್ ಓಡಿಸಲು ಬರುವುದಿಲ್ಲ ಎನ್ನಲಾಗದು. ಜಗತ್ತಿನ ಅತ್ಯುತ್ತಮ ಸವಾರರು ತಪ್ಪಿ ಬೀಳಬಹುದಾದ ಜಾಗದಲ್ಲಿ ಕಾಂಕ್ರೀಟ್ ಅಂಚನ್ನು ಹುಲ್ಲಿನ ಮೂಟೆಯಿಂದಲೋ ಮೆತ್ತೆಯಿಂದಲೋ ಮುಚ್ಚಿರಲಿಲ್ಲ.

ಊರ ನಡುವಿನ ಗೆಲುವಿನ ಗೆರೆ

ರಸ್ತೆಯ ಅಪಾಯಕ್ಕೆ ನಿಯಮಾವಳಿಯಲ್ಲಿ ಜಾಗ ಸಿಗದಿರಲು ಹಣದ ಕಾರಣವಿದೆ. ಸೈಕಲ್ ರೇಸ್‌ಗೆ ಕ್ರೀಡಾಂಗಣವಿಲ್ಲ, ಟಿಕೆಟ್ ಇಲ್ಲ. ಸಂಘಟಕರ ಆದಾಯ ಬರುವುದು ಪ್ರಾಯೋಜಕರಿಂದ, ಟಿವಿ ಹಕ್ಕಿನಿಂದ, ರೇಸ್ ತಮ್ಮ ಊರಿಗೆ ಬರಲಿ ಎಂದು ಹಣ ಕೊಡುವ ನಗರಾಡಳಿತಗಳಿಂದ. ಹಣ ಕೊಟ್ಟ ಊರು ಗೆಲುವಿನ ಗೆರೆ ತನ್ನ ಮುಖ್ಯ ಚೌಕದಲ್ಲಿ, ತನ್ನ ಹಳೆಯ ಕಟ್ಟಡಗಳ ಮುಂದೆ ಇರಲಿ ಎಂದು ಬಯಸುವುದು ಸಹಜ. ಆದರೆ ಊರ ನಡುವಿನ ರಸ್ತೆಗಳನ್ನು ಕಾರುಗಳ ವೇಗ ತಗ್ಗಿಸಲೆಂದೇ ಉಬ್ಬು, ವೃತ್ತ, ವಿಭಜಕ, ಕಿರಿದಾದ ತಿರುವುಗಳಿಂದ ತುಂಬಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗಿಸಿಕೊಂಡು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ನೂರೈವತ್ತು ಜನರಿಗೆ ಅದೇ ಬಲೆ.

2020ರ ಆಗಸ್ಟ್ 5ರಂದು ಪೋಲೆಂಡ್‌ನ ಕಟೊವಿಟ್ಸೆಯಲ್ಲಿ ಈ ಬಲೆ ಎಷ್ಟು ಕ್ರೂರ ಎಂದು ಎಲ್ಲರೂ ನೋಡಿದರು. ಗೆಲುವಿನ ಗೆರೆ ಇಳಿಜಾರಿನ ರಸ್ತೆಯಲ್ಲಿತ್ತು. ವೇಗ ಗಂಟೆಗೆ 80 ಕಿಲೋಮೀಟರ್ ದಾಟುತ್ತಿತ್ತು. ಇಲ್ಲಿ ಓಡುವುದು ಅಪಾಯ ಎಂದು ಸವಾರರು ಹಿಂದಿನ ವರ್ಷಗಳಲ್ಲೇ ಗೊಣಗಿದ್ದರು. ಡೈಲನ್ ಗ್ರೂನೆವೆಗೆನ್ ತಮ್ಮ ಸಾಲು ಬಿಟ್ಟು ಪಕ್ಕಕ್ಕೆ ಸರಿದರು. ಫ್ಯಾಬಿಯೊ ಯಾಕೊಬ್ಸೆನ್ ಬ್ಯಾರಿಕೇಡ್‌ಗೆ ಅಪ್ಪಳಿಸಿದರು. ಅವರನ್ನು ತಡೆದು ರಸ್ತೆಯೊಳಗೇ ಇರಿಸಬೇಕಿದ್ದ ಬ್ಯಾರಿಕೇಡ್‌ಗಳು ಬಿಡಿಬಿಡಿಯಾಗಿ ಹಾರಿಹೋದವು. ಯಾಕೊಬ್ಸೆನ್ ಕೋಮಾದಲ್ಲಿದ್ದು, ಮುಖದ ಹಲವು ಶಸ್ತ್ರಚಿಕಿತ್ಸೆಗಳನ್ನು ದಾಟಿ ಬದುಕಿದರು. 2022ರಲ್ಲಿ ಟೂರ್ ಡಿ ಫ್ರಾನ್ಸ್‌ನ ಒಂದು ಹಂತವನ್ನೂ, ಅಂದರೆ ಒಂದು ದಿನದ ಓಟವನ್ನೂ, ಗೆದ್ದರು.

ಗ್ರೂನೆವೆಗೆನ್ ಅವರಿಗೆ ಒಂಬತ್ತು ತಿಂಗಳ ನಿಷೇಧ ಬಿತ್ತು. ಅವರ ತಪ್ಪು ದೊಡ್ಡದೇ, ಶಿಕ್ಷೆಯನ್ನು ಅವರು ಒಪ್ಪಿಕೊಂಡರು. ಆದರೆ ಇಳಿಜಾರಿನಲ್ಲಿ ಗೆಲುವಿನ ಗೆರೆ ಎಳೆದದ್ದು ಗ್ರೂನೆವೆಗೆನ್ ಅಲ್ಲ, ಕಳಚಿಬೀಳುವ ಬ್ಯಾರಿಕೇಡ್ ನಿಲ್ಲಿಸಿದ್ದೂ ಅವರಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಎತ್ತು, ಎಮ್ಮೆ ಎರಡಕ್ಕೂ ಜ್ವರವಿತ್ತು. ಬರೆ ಬಿದ್ದದ್ದು ಮಾತ್ರ ಒಂದಕ್ಕೆ. ಆ ಘಟನೆಯ ಬಳಿಕ ಬ್ಯಾರಿಕೇಡ್‌ಗಳ ಗುಣಮಟ್ಟದ ನಿಯಮಗಳು ಬಿಗಿಯಾದವು, ದೊಡ್ಡ ರೇಸ್‌ಗಳಲ್ಲಿ ಹೊರಗೆ ಬಾಗಿದ, ಕಾಲು ಚಾಚದ ಹೊಸ ಬೇಲಿಗಳು ಬಂದವು. ರಸ್ತೆಯನ್ನು ಸರಿಪಡಿಸಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಸಾಧ್ಯವಾಗಲು ಒಬ್ಬ ಯುವಕ ಅಷ್ಟು ನೋಯಬೇಕಾಯಿತು ಎಂಬುದು ಬೇಸರ.

ಎಲ್ಲರಿಗೂ ಒಂದೇ ಆದೇಶ: ಮುಂದೆ ಬನ್ನಿ

ಸವಾರರೇ ಏಕೆ ನಿಧಾನವಾಗಬಾರದು ಎಂದು ಹೊರಗಿನವರು ಕೇಳುತ್ತಾರೆ. ಗುಂಪಿನೊಳಗಿನ ಲೆಕ್ಕ ಅದಕ್ಕೆ ಅವಕಾಶ ಕೊಡುವುದಿಲ್ಲ. ಕಿರಿದಾದ ರಸ್ತೆಗೋ ಬೆಟ್ಟಕ್ಕೋ ತಿರುಗುವ ಮೊದಲು ಮುಂದೆ ಇದ್ದವನು ಅಪಘಾತದಿಂದಲೂ ತಪ್ಪಿಸಿಕೊಳ್ಳುತ್ತಾನೆ, ಸಮಯವನ್ನೂ ಉಳಿಸುತ್ತಾನೆ. ಇದು ಎಲ್ಲರಿಗೂ ಗೊತ್ತು. ಪ್ರತಿಯೊಂದು ತಂಡದ ನಿರ್ದೇಶಕರೂ ಕಾರಿನಿಂದ ಕಿವಿಯೊಳಗಿನ ರೇಡಿಯೊಗೆ ಒಂದೇ ಮಾತು ಹೇಳುತ್ತಾರೆ: ಮುಂದೆ ಬನ್ನಿ. ಹತ್ತು ಜನ ಅಕ್ಕಪಕ್ಕ ಹಿಡಿಯುವ ರಸ್ತೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ತಂಡಗಳಿಗೆ ಒಂದೇ ಕ್ಷಣದಲ್ಲಿ ಮುಂದಿನ ಸಾಲು ಬೇಕು. ಒಬ್ಬೊಬ್ಬ ಸವಾರನ ಮಟ್ಟಿಗೆ ಬುದ್ಧಿವಂತ ನಿರ್ಧಾರವೇ ಎಲ್ಲರೂ ಸೇರಿದಾಗ ಎಲ್ಲರಿಗೂ ಅಪಾಯವಾಗುತ್ತದೆ.

ಇದರ ಮೇಲೆ ಅಂಕಗಳ ಒತ್ತಡ. ಅತ್ಯುನ್ನತ ದರ್ಜೆಯ 18 ಪರವಾನಗಿಗಳನ್ನು ಮೂರು ವರ್ಷಗಳ ಅವಧಿಗೆ ಕೊಡುತ್ತಾರೆ. ಅಂಕ ಸಾಲದ ತಂಡ ಕೆಳಗೆ ಬೀಳುತ್ತದೆ. ಬಿದ್ದರೆ ಪ್ರಾಯೋಜಕ ಬಿಟ್ಟುಹೋಗಬಹುದು, ಸವಾರರ ಉದ್ಯೋಗ ಹೋಗಬಹುದು. ಮೊದಲು ಐದನೆಯ ಸ್ಥಾನಕ್ಕೂ ಎಂಟನೆಯ ಸ್ಥಾನಕ್ಕೂ ಅಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಈಗ ಅದಕ್ಕಾಗಿಯೂ ಮೊಣಕೈ ಚಾಚುತ್ತಾರೆ.

2018ರಲ್ಲಿ ದೊಡ್ಡ ಟೂರ್‌ಗಳಲ್ಲಿ ತಂಡದ ಸಂಖ್ಯೆಯನ್ನು ಒಂಬತ್ತರಿಂದ ಎಂಟಕ್ಕೆ ಇಳಿಸಿದ್ದರ ಒಂದು ಉದ್ದೇಶ ಗುಂಪನ್ನು ಕಿರಿದಾಗಿಸುವುದು. ಅದಕ್ಕಿಂತ ಉಪಯುಕ್ತವಾದದ್ದು ನನ್ನ ಅಭಿಪ್ರಾಯದಲ್ಲಿ ಸದ್ದಿಲ್ಲದೆ ಬಂದ ಇನ್ನೊಂದು ಬದಲಾವಣೆ. ಸಮತಟ್ಟು ಹಂತಗಳಲ್ಲಿ ಕೊನೆಯ ಮೂರು ಕಿಲೋಮೀಟರ್ ಒಳಗೆ ಬಿದ್ದವರಿಗೆ ಸಮಯ ನಷ್ಟವಾಗದು ಎಂಬ ಹಳೆಯ ನಿಯಮವನ್ನು ಈಗ ಐದು ಕಿಲೋಮೀಟರ್‌ವರೆಗೆ ವಿಸ್ತರಿಸಬಹುದು. ಗುಂಪಿನಲ್ಲಿ ಒಂದು ಸೆಕೆಂಡಿನ ಬದಲು ಮೂರು ಸೆಕೆಂಡಿನ ಬಿರುಕು ಬಿದ್ದರೆ ಮಾತ್ರ ಸಮಯ ಕಳೆಯುತ್ತಾರೆ. ಒಟ್ಟಾರೆ ಪ್ರಶಸ್ತಿಗೆ ಸೆಣಸುವವರು ಇದರಿಂದಾಗಿ ಕೊನೆಯ ನುಗ್ಗಾಟದ ನಡುವೆ ತೂರಿಕೊಳ್ಳುವ ಅಗತ್ಯ ತಗ್ಗುತ್ತದೆ. ಯಾರನ್ನೂ ದಂಡಿಸದೆ, ಯಾವ ಕಂಪನಿಯ ಸರಕನ್ನೂ ಮುಟ್ಟದೆ, ಅಪಾಯದ ಮೂಲದಲ್ಲಿರುವ ಆಸೆಯನ್ನೇ ಕಡಿಮೆ ಮಾಡುವ ನಿಯಮ ಇದು.

ಹಳದಿ ಕಾರ್ಡ್ ಮತ್ತು ಹ್ಯಾಂಡಲ್

ಯುಸಿಐ, ಸಂಘಟಕರು, ತಂಡಗಳು ಮತ್ತು ಸವಾರರು ಸೇರಿ ಸೇಫರ್ ಎಂಬ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಅದರ ಕಣ್ಣಿಗೆ ಕಾಣುವ ಫಲ ಅಪಾಯಕಾರಿ ವರ್ತನೆಗೆ ಕೊಡುವ ಹಳದಿ ಕಾರ್ಡ್. 2024ರ ಆಗಸ್ಟ್‌ನಲ್ಲಿ ಪ್ರಯೋಗವಾಗಿ ಆರಂಭಗೊಂಡು 2025ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಒಂದೇ ರೇಸ್‌ನಲ್ಲಿ ಎರಡು ಕಾರ್ಡ್ ಬಿದ್ದರೆ ಹೊರಹಾಕಿ ಏಳು ದಿನ ನಿಷೇಧ, 30 ದಿನಗಳಲ್ಲಿ ಮೂರಾದರೆ 14 ದಿನ. ತಂಡದ ನಿರ್ದೇಶಕರಿಗೆ, ವಾಹನ ಚಾಲಕರಿಗೆ ಕೂಡ ಕಾರ್ಡ್ ಕೊಡಬಹುದು ಎಂಬುದು ಒಳ್ಳೆಯ ಅಂಶ. 2016ರಲ್ಲಿ ಗೆಂಟ್–ವೆವೆಲ್ಗೆಮ್ ರೇಸ್‌ನಲ್ಲಿ ಆಂಟ್ವಾನ್ ದೆಮ್ವಾತಿಯೆ ಬಿದ್ದ ಮೇಲೆ ರೇಸ್‌ನ ಮೋಟರ್‌ಸೈಕಲ್ ಡಿಕ್ಕಿಯಾಗಿ ತೀರಿಕೊಂಡದ್ದನ್ನು ಯಾರೂ ಮರೆಯುವಂತಿಲ್ಲ.

ಕಾರ್ಡ್‌ಗೆ ಒಂದು ಮಿತಿಯಿದೆ: ಅದು ಬೀಳುವುದು ತಪ್ಪು ನಡೆದ ಮೇಲೆ. 2025ರ ಟೂರ್ ಡಿ ಫ್ರಾನ್ಸ್‌ನ ಮೂರನೆಯ ಹಂತದಲ್ಲಿ, ದಾರಿಯ ನಡುವೆ ಅಂಕಕ್ಕಾಗಿ ನಡೆಯುವ ನಡುಸ್ಪ್ರಿಂಟ್‌ನಲ್ಲಿ, ಬ್ರಯನ್ ಕೋಕಾರ್ ತೂಕ ತಪ್ಪಿ ತಾಗಿದಾಗ ಅಂಕಪಟ್ಟಿಯಲ್ಲಿ ಮುಂದಿರುವವರ ಹಸಿರು ಅಂಗಿ ತೊಟ್ಟಿದ್ದ ಜಾಸ್ಪರ್ ಫಿಲಿಪ್ಸೆನ್ ನೆಲಕ್ಕೆ ಅಪ್ಪಳಿಸಿ ರೇಸ್‌ನಿಂದಲೇ ಹೊರಬಿದ್ದರು. ಕೋಕಾರ್‌ಗೆ ಹಳದಿ ಕಾರ್ಡ್ ಸಿಕ್ಕಿತು. ಬೇಕೆಂದು ಮಾಡದ ತಪ್ಪನ್ನು ಕಾರ್ಡಿನ ಹೆದರಿಕೆ ತಡೆಯುವುದಿಲ್ಲ.

ಹ್ಯಾಂಡಲ್‌ನ ಕಥೆ ಇನ್ನೊಂದು ಬಗೆಯದು. ಗಾಳಿಯ ತಡೆ ತಗ್ಗಿಸಲು ಸವಾರರು ಹ್ಯಾಂಡಲ್ ಅನ್ನು ವರ್ಷದಿಂದ ವರ್ಷಕ್ಕೆ ಕಿರಿದಾಗಿಸಿಕೊಂಡರು. ಕಿರಿದಾದಷ್ಟೂ ಹಿಡಿತ ಕಡಿಮೆ ಎಂದು 2026ರಿಂದ ಕನಿಷ್ಠ 400 ಮಿಲಿಮೀಟರ್ ಅಗಲ ಇರಬೇಕೆಂದು ಯುಸಿಐ ಹೇಳಿತು. ಭುಜ ಚಿಕ್ಕದಿರುವ ಸವಾರರಿಗೆ, ಮುಖ್ಯವಾಗಿ ಮಹಿಳೆಯರಿಗೆ, ಇದು ಅಳತೆ ಮೀರಿದ ಹ್ಯಾಂಡಲ್ ಎಂಬ ಆಕ್ಷೇಪ ಎದ್ದಿತು. ಬ್ರೇಕ್ ಹಿಡಿಕೆಗಳ ನಡುವಿನ ಕನಿಷ್ಠ ಅಂತರವನ್ನು 320ರಿಂದ 280 ಮಿಲಿಮೀಟರ್‌ಗೆ ಇಳಿಸಿ ಸಮಾಧಾನ ಹೇಳಿದರು. ಮೊದಲೇ ಮಹಿಳಾ ಸವಾರರನ್ನು ಕೂರಿಸಿಕೊಂಡು ಅಳತೆ ನೋಡಿದ್ದರೆ ಈ ತಿದ್ದುಪಡಿ ಬೇಕಾಗುತ್ತಿರಲಿಲ್ಲ.

ಕಾಡಿನಲ್ಲಿ ಕಾಣದೆ ಹೋದ ಹುಡುಗಿ

ಸುರಕ್ಷತೆ ಯಾರದು ಎಂಬ ಜಗಳ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಿಪಿಎಸ್ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. 2024ರ ಸೆಪ್ಟೆಂಬರ್ 26ರಂದು ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಕಿರಿಯ ಮಹಿಳೆಯರ ರೇಸ್‌ನಲ್ಲಿ 18 ವರ್ಷದ ಮುರಿಯಲ್ ಫುರರ್ ಮಳೆಯಲ್ಲಿ ಒದ್ದೆಯಾದ ಕಾಡುದಾರಿಯಲ್ಲಿ ಬಿದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾರರಿಗೆ ರೇಡಿಯೊ ಇರಲಿಲ್ಲ. ಅವರು ಬಿದ್ದದ್ದು ಬಹಳ ಹೊತ್ತು ಯಾರ ಗಮನಕ್ಕೂ ಬರಲಿಲ್ಲ. ಮರುದಿನ ಅವರು ತೀರಿಕೊಂಡರು. ಅವರ ತವರು ನಾಡಿನಲ್ಲೇ ನಡೆದ ರೇಸ್ ಅದು.

ಸೈಕಲ್‌ನ ವೇಗ ಥಟ್ಟನೆ ಸೊನ್ನೆಯಾದರೆ ಅಥವಾ ಸವಾರ ದಾರಿ ಬಿಟ್ಟು ಹೋದರೆ ಎಚ್ಚರಿಸುವ ಸಾಧನ ಇಂದು ಅಪರೂಪದ ತಂತ್ರಜ್ಞಾನವೇನಲ್ಲ. 2025ರ ಆಗಸ್ಟ್‌ನಲ್ಲಿ ಮಹಿಳೆಯರ ಟೂರ್ ಡಿ ರೊಮಾಂಡಿಯಲ್ಲಿ 63 ಗ್ರಾಂ ತೂಕದ ಸಾಧನವನ್ನು ಪರೀಕ್ಷಿಸಲು ಯುಸಿಐ ಮುಂದಾಯಿತು. ಪ್ರತಿ ತಂಡವೂ ಅದನ್ನು ಹೊರುವ ಒಬ್ಬ ಸವಾರಳನ್ನು ಹೆಸರಿಸಬೇಕಿತ್ತು. ಐದು ತಂಡಗಳು ಹೆಸರಿಸಲು ನಿರಾಕರಿಸಿದವು. ಬೇಕಾದರೆ ನೀವೇ ಆರಿಸಿಕೊಳ್ಳಿ ಎಂಬುದು ಅವರ ನಿಲುವು. ಯುಸಿಐ ಒಪ್ಪದೆ ಐದೂ ತಂಡಗಳನ್ನು ಹೊರಹಾಕಿತು. ಸವಾರರ ಚಲನವಲನದ ಮಾಹಿತಿ ಯಾರ ಸ್ವತ್ತು, ಅದರಿಂದ ಮುಂದೆ ಬರಬಹುದಾದ ಹಣ ಯಾರಿಗೆ ಎಂಬ ಹಳೆಯ ತಕರಾರು ಇದರ ಹಿಂದಿದೆ. ಮಾಹಿತಿಯ ಒಡೆತನ ಕೇಳುವುದು ತಂಡಗಳ ಹಕ್ಕು, ಸರಿ. ಆದರೆ ಒಬ್ಬ ಹುಡುಗಿ ಕಾಣದೆ ಬಿದ್ದಿದ್ದ ಹನ್ನೊಂದು ತಿಂಗಳ ಬಳಿಕ, ಎರಡೂ ಕಡೆಯವರು ಒಂದು ಸಾಧನವನ್ನು ಯಾರು ಆರಿಸಿದ ಸವಾರಳಿಗೆ ಕಟ್ಟಬೇಕು ಎಂದು ಹಟ ಹಿಡಿದು, ರೇಸ್ ಆಡಲು ಬಂದಿದ್ದ ಸವಾರರನ್ನು ಮನೆಗೆ ಕಳುಹಿಸಿದ್ದು ನೋವಿನ ಸಂಗತಿ. ಮುಂದಿನ ತಿಂಗಳು ರುವಾಂಡಾದ ಕಿಗಾಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲ್ಲ ಸವಾರರಿಗೂ ಜಿಪಿಎಸ್ ಸಾಧನ ಕೊಟ್ಟರು. ಅಂದರೆ ಮಾಡಲು ಬರುತ್ತಿತ್ತು.

ಯಾರ ಮೇಲೆ ಭಾರ?

ಈ ಎಲ್ಲ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿನ್ಯಾಸ ಕಾಣುತ್ತದೆ. ಕಾರ್ಡ್, ಹ್ಯಾಂಡಲ್, ಭಂಗಿ, ಗೇರ್ ಎಲ್ಲವೂ ಸವಾರನ ದೇಹ ಮತ್ತು ಅವನ ಸೈಕಲ್‌ನ ಮೇಲಿನ ನಿಯಮಗಳು. ಬರೆಯುವುದು ಸುಲಭ, ರೇಸ್‌ನ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಪರಿಶೀಲಿಸುವುದೂ ಸುಲಭ. ಖರ್ಚು ಸವಾರನದು, ತಂಡದ್ದು, ಇಲ್ಲವೇ ತಯಾರಕರದು. ರಸ್ತೆ ಹಾಗಲ್ಲ. 180 ಕಿಲೋಮೀಟರ್ ದಾರಿಯ ಪ್ರತಿ ಮೋರಿ, ಪ್ರತಿ ಕಂಬ, ಪ್ರತಿ ಕುರುಡು ತಿರುವನ್ನು ಮುಂಚೆಯೇ ನೋಡಬೇಕು, ಮುಚ್ಚಬೇಕು, ಆಳು ನಿಲ್ಲಿಸಬೇಕು. ಗೆಲುವಿನ ಗೆರೆಯನ್ನು ಊರಾಚೆಗೆ ಸರಿಸಿ ಎಂದು ಹಣ ಕೊಟ್ಟ ಊರಿಗೆ ಹೇಳಬೇಕು. ಸಣ್ಣ ಸಂಘಟಕರಲ್ಲಿ ಹಲವರು ಸ್ವಯಂಸೇವಕರನ್ನೇ ನಂಬಿ, ಈಗಲೇ ಏದುಸಿರು ಬಿಡುತ್ತಾ ರೇಸ್ ನಡೆಸುತ್ತಿದ್ದಾರೆ. ಇನ್ನಷ್ಟು ಭಾರ ಹಾಕಿದರೆ ರೇಸ್‌ಗಳೇ ನಿಂತುಹೋಗಬಹುದು ಎಂಬ ಅವರ ಭಯ ನೆಪವಲ್ಲ.

ಸ್ರ್ಯಾಮ್ ಪ್ರಕರಣ ಈ ಸುಲಭದ ದಾರಿಯನ್ನೂ ಕಿರಿದಾಗಿಸಿದೆ. ಇನ್ನು ಮುಂದೆ ಸಲಕರಣೆಯ ಮೇಲೆ ನಿಯಮ ತರುವಾಗ ಯುಸಿಐ ಅದರ ಹಿಂದಿನ ಅಧ್ಯಯನವನ್ನು, ಎಲ್ಲ ತಯಾರಕರೊಂದಿಗೆ ನಡೆಸಿದ ಸಮಾಲೋಚನೆಯನ್ನು ತೋರಿಸಬೇಕಾಗುತ್ತದೆ. ಇಲ್ಲವಾದರೆ ಇನ್ನೊಂದು ಕಂಪನಿ ಇನ್ನೊಂದು ಬಾಗಿಲು ತಟ್ಟುತ್ತದೆ. ಇದರಿಂದ ಒಳ್ಳೆಯದೂ ಕೆಟ್ಟದ್ದೂ ಆಗಬಹುದು. ಆತುರದ ನಿಯಮಗಳು ಕಡಿಮೆಯಾದರೆ ಒಳ್ಳೆಯದು. ಆದರೆ ನಿಜಕ್ಕೂ ಬೇಕಾದ ನಿಯಮವೂ ವಕೀಲರ ಕೈಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಳ್ಳುವ ಅಪಾಯವಿದೆ.

ಸವಾರರು ಬದಲಾವಣೆಯನ್ನು ವಿರೋಧಿಸಿದ ಚರಿತ್ರೆಯೂ ಇದೆ ಎಂಬುದನ್ನು ಮುಚ್ಚಿಡಬಾರದು. 1991ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಪ್ಯಾರಿಸ್–ನೀಸ್ ರೇಸ್‌ನಲ್ಲಿ ಸವಾರರೇ ಮುಷ್ಕರ ಹೂಡಿ ನಿಯಮ ಕಿತ್ತುಹಾಕಿಸಿದರು. ಅದೇ ರೇಸ್‌ನಲ್ಲಿ 2003ರಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದು ಆಂಡ್ರೇ ಕಿವಿಲೆವ್ ಸತ್ತ ಮೇಲೆ ನಿಯಮ ಮರಳಿ ಬಂತು. ನಡುವಿನ 12 ವರ್ಷಗಳಲ್ಲೇ ಕಾಸಾರ್ಟೆಲ್ಲಿ ಬರಿತಲೆಯಲ್ಲಿ ಪೋರ್ಟೆ ದಾಸ್ಪೆ ಇಳಿದದ್ದು. ಸವಾರರ ಮಾತು ಕೇಳಬೇಕು ಎನ್ನುವಾಗ ಇದನ್ನೂ ನೆನಪಿಡಬೇಕು.

ಕಾಡಿನ ಮುಂದಿನ ಒಂದು ತಿರುವು

ರಸ್ತೆಯನ್ನು ಬದಲಿಸುವುದು ಹೇಗೆ ಎಂಬುದಕ್ಕೆ ಪ್ಯಾರಿಸ್–ರುಬೆಯ ಅರೆನ್‌ಬರ್ಗ್ ಕಾಡುದಾರಿ ಒಂದು ಪಾಠಶಾಲೆಯಾಗಿದೆ. ನೇರ ರಸ್ತೆಯಲ್ಲಿ ಗುಂಪು ಪೂರ್ತಿ ವೇಗದಲ್ಲಿ ಬಂದು ಆ ಒರಟು ಕಲ್ಲುಗಳ ಮೇಲೆ ನುಗ್ಗುತ್ತಿತ್ತು. 2024ರಲ್ಲಿ ಆಡಂ ಹ್ಯಾನ್ಸೆನ್ ನೇತೃತ್ವದ ಸವಾರರ ಸಂಘ ಕೇಳಿಕೊಂಡ ಮೇಲೆ ಸಂಘಟಕರು ಕಾಡಿನ ಬಾಗಿಲಲ್ಲೇ ಕಡಿದಾದ ಅಂಕುಡೊಂಕು ತಿರುವೊಂದನ್ನು ಇಟ್ಟು ವೇಗ ಮುರಿದರು. ಸವಾರರಲ್ಲೇ ಕೆಲವರು ಅದನ್ನು ಕಟುವಾಗಿ ಟೀಕಿಸಿದರು. ಗುಂಪು ತಿರುವಿನಲ್ಲಿ ಸಿಕ್ಕಿಕೊಂಡೀತು ಎಂಬುದು ಅವರ ಆತಂಕ. 2025ರಲ್ಲಿ ಸಂಘಟಕರು ಆ ತಿರುವನ್ನು ತೆಗೆದು, ಕಾಡಿಗೆ ಬರುವ ದಾರಿಯನ್ನೇ ಬದಲಿಸಿ, ಹಲವು ಸಹಜ ತಿರುವುಗಳ ಮೂಲಕ ಗುಂಪು ನಿಧಾನವಾಗಿ ಬರುವಂತೆ ಮಾಡಿದರು.

ಇಲ್ಲಿ ಒಂದು ಪ್ರಯೋಗ ನಡೆಯಿತು, ಟೀಕೆ ಬಂತು, ಮರುವರ್ಷ ತಿದ್ದುಪಡಿಯಾಯಿತು. ಯಾವ ಸವಾರನೂ ಹೊಸ ಗೇರ್ ಕೊಳ್ಳಬೇಕಾಗಲಿಲ್ಲ, ಎಲ್ಲ ಕಂಪನಿಗಳ ಸೈಕಲ್‌ಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾದವು. ಈ ಕೆಲಸ ಆದದ್ದು ಜಗತ್ತಿನ ಅತ್ಯಂತ ಶ್ರೀಮಂತ ಸಂಘಟಕರಾದ ಎಎಸ್‌ಒ ನಡೆಸುವ ರೇಸ್‌ನಲ್ಲಿ. ಇದೇ ಗಮನ ಸಣ್ಣ ರೇಸ್‌ಗಳ ಇಳಿಜಾರುಗಳಿಗೂ, ಕಿರಿಯರ ರೇಸ್‌ನ ಕಾಡುದಾರಿಗಳಿಗೂ ಸಿಗಬೇಕಾದರೆ ಅದರ ಖರ್ಚನ್ನು ಯುಸಿಐ, ದೊಡ್ಡ ಸಂಘಟಕರು ಮತ್ತು ಲಾಭ ಮಾಡುವ ತಯಾರಕರು ಹಂಚಿಕೊಳ್ಳಬೇಕಾಗುತ್ತದೆ. ಗೇರ್ ಮಿತಿಯ ವಿವಾದದಲ್ಲಿ ಯಾರೇ ಗೆದ್ದರೂ ಈ ಹಂಚಿಕೆಯ ಮಾತು ಆ ಕಡತದಲ್ಲಿ ಇಲ್ಲ.